ಮುದಿ ನಾಯಿಯ ಅರಳುಮರಳು: ಮನೆಯ ಏರ್ಪಾಟು, ಆಹಾರ, ಮಾತ್ರೆ, ಯಾವುದನ್ನು ಮೊದಲು ಹಿಡಿಯಬೇಕು?

13 ವರ್ಷದ ನಾಯಿ ಬಾಗಿಲ ಹಿಂದಿನ ಸಂದಿಗೆ ತಲೆ ತೂರಿಸಿ ನಿಂತುಬಿಡುತ್ತದೆ. ಹಿಂದಕ್ಕೆ ಹೆಜ್ಜೆಯಿಟ್ಟರೆ ಸಾಕು ಎಂಬುದು ಅದಕ್ಕೆ ಹೊಳೆಯುವುದೇ ಇಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಕೋಣೆಯಿಂದ ಕೋಣೆಗೆ ಅಲೆಯುತ್ತದೆ, ಗೋಡೆ ನೋಡಿ ಬೊಗಳುತ್ತದೆ. ಇಷ್ಟು ವರ್ಷ ಒಮ್ಮೆಯೂ ಮನೆಯೊಳಗೆ ಗಲೀಜು ಮಾಡದ ಪ್ರಾಣಿ ಈಗ ಹೊರಗೆ ಸುತ್ತಿ ಬಂದು ಒಳಗೆ ಉಚ್ಚೆ ಹೊಯ್ಯುತ್ತದೆ. ಆಗ ಮನೆಯವರಿಗೆ ಎಲ್ಲ ಕಡೆಯಿಂದಲೂ ಸಲಹೆ ಬರುತ್ತದೆ: ವಿಶೇಷ ಆಹಾರ ಕೊಡಿ, ಪೂರಕ ಮಾತ್ರೆ ಕೊಡಿ, ಡಾಕ್ಟರ ಹತ್ತಿರ ಔಷಧಿ ಬರೆಸಿ, ವಯಸ್ಸಾಯಿತು ಬಿಟ್ಟುಬಿಡಿ. ಎಲ್ಲವನ್ನೂ ಒಟ್ಟಿಗೆ ಶುರು ಮಾಡಿದರೆ ಯಾವುದು ಫಲ ಕೊಟ್ಟಿತು, ಯಾವುದು ಹೊಟ್ಟೆ ಕೆಡಿಸಿತು ಎಂದು ತಿಳಿಯುವುದಿಲ್ಲ. ಆದ್ದರಿಂದ ಆರಿಸಿಕೊಳ್ಳಲೇಬೇಕು.

ನಮ್ಮ ನಿಲುವು ಮೊದಲೇ ಹೇಳಿಬಿಡುತ್ತೇವೆ. ಕಾಯಿಲೆಯ ಹೆಸರು ನೋಡಿ ಚಿಕಿತ್ಸೆ ಆರಿಸಬೇಡಿ. ಯಾವ ಲಕ್ಷಣ ಆ ನಾಯಿಯ ಮತ್ತು ಮನೆಯವರ ದಿನವನ್ನು ಹೆಚ್ಚು ಹಾಳುಮಾಡುತ್ತಿದೆಯೋ ಅದನ್ನು ನೋಡಿ ಆರಿಸಿ. ಬಹಳ ಮನೆಗಳಲ್ಲಿ ಅದು ರಾತ್ರಿಯ ನಿದ್ದೆ.

ಇದು ಅರಳುಮರಳೇ ಹೌದೇ?

ಮನುಷ್ಯರ ಅಲ್ಝೈಮರ್ ಕಾಯಿಲೆಯಲ್ಲಿ ಆಗುವಂತೆಯೇ ನಾಯಿಯ ಮೆದುಳಿನಲ್ಲೂ ಬೀಟಾ ಅಮಿಲಾಯ್ಡ್ ಎಂಬ ಪ್ರೋಟೀನ್ ಕೂಡಿಕೊಳ್ಳುತ್ತದೆ, ಮೆದುಳು ಸೊರಗುತ್ತದೆ. ಇದೇನೂ ಅಪರೂಪವಲ್ಲ. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 11–12 ವರ್ಷದ ನಾಯಿಗಳಲ್ಲಿ ಶೇ. 28ರಷ್ಟು, 15–16 ವರ್ಷದವುಗಳಲ್ಲಿ ಶೇ. 68ರಷ್ಟು ಕನಿಷ್ಠ ಒಂದು ಬಗೆಯ ಲಕ್ಷಣ ತೋರಿಸಿದ್ದವು. ವೈದ್ಯರು ನೋಡುವ ಲಕ್ಷಣಗಳು ಆರು ಗುಂಪಿನವು: ದಿಕ್ಕುತಪ್ಪುವುದು, ಜನರೊಂದಿಗೆ ಒಡನಾಟ ಬದಲಾಗುವುದು, ನಿದ್ದೆಯ ಹೊತ್ತು ತಲೆಕೆಳಗಾಗುವುದು, ಮನೆಯೊಳಗೆ ಮಲಮೂತ್ರ ಮಾಡುವುದು, ಚಟುವಟಿಕೆ ಕುಗ್ಗುವುದು ಅಥವಾ ಗುರಿಯಿಲ್ಲದೆ ಸುತ್ತುವುದು, ಇದುವರೆಗೆ ಇಲ್ಲದಿದ್ದ ಆತಂಕ.

ತೊಂದರೆಯೆಂದರೆ ಈ ಆರೂ ಬೇರೆ ಕಾರಣಗಳಿಂದಲೂ ಬರುತ್ತವೆ. ಕೀಲುನೋವಿರುವ ನಾಯಿ ಮಲಗಿದ ಕಡೆ ಹಿತವಾಗದೆ ರಾತ್ರಿಯಿಡೀ ಏಳುತ್ತದೆ, ಕೂರುತ್ತದೆ. ನೋಡುವವರಿಗೆ ಅದು ಮರೆವಿನಂತೆ ಕಾಣುತ್ತದೆ. ಕಿಡ್ನಿ ಸೋತಿದ್ದರೆ, ಸಕ್ಕರೆ ಕಾಯಿಲೆಯಿದ್ದರೆ, ಕುಶಿಂಗ್ ಕಾಯಿಲೆಯಿದ್ದರೆ (ಮೈಯಲ್ಲಿ ಕಾರ್ಟಿಸಾಲ್ ಹಾರ್ಮೋನು ಅತಿಯಾಗುವುದು) ನಾಯಿ ಹೆಚ್ಚು ನೀರು ಕುಡಿದು ಹೆಚ್ಚು ಉಚ್ಚೆ ಹೊಯ್ಯುತ್ತದೆ. ಸ್ಟೀರಾಯ್ಡ್ ಮಾತ್ರೆಯೂ ಅದನ್ನೇ ಮಾಡುತ್ತದೆ. ಮೂತ್ರದ ಸೋಂಕಾದರೆ ಹೊರಗೆ ಹೋಗುವಷ್ಟು ಹೊತ್ತು ತಡೆಯಲಾಗುವುದಿಲ್ಲ. ಕಿವಿ ಮಂದವಾದದ್ದು ಮಾತು ಕೇಳದಂತೆಯೂ, ಕಣ್ಣು ಮಸುಕಾದದ್ದು ದಿಕ್ಕುತಪ್ಪಿದಂತೆಯೂ ತೋರುತ್ತದೆ. ಥೈರಾಯ್ಡ್ ಕೊರತೆ, ಏರಿದ ರಕ್ತದೊತ್ತಡ, ಹಲ್ಲುನೋವು, ಮೆದುಳಿನ ಗೆಡ್ಡೆ, ಎಲ್ಲವೂ ಈ ಸಾಲಿಗೆ ಸೇರುತ್ತವೆ.

ಅರಳುಮರಳು ತಿಂಗಳುಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ನಿನ್ನೆ ಚೆನ್ನಾಗಿದ್ದ ನಾಯಿ ಇವತ್ತು ತಲೆ ಒಂದು ಕಡೆ ವಾಲಿಸಿ, ಕಣ್ಣುಗುಡ್ಡೆ ಅದುರಿಸುತ್ತ ಬೀಳುತ್ತಿದ್ದರೆ ಅದು ಸಮತೋಲನದ ನರದ ತೊಂದರೆಯಿರಬಹುದು. ಮುದಿ ನಾಯಿಗಳಲ್ಲಿ ಇದು ಸಾಮಾನ್ಯ, ಎಷ್ಟೋ ಸಲ ಎರಡು ಮೂರು ವಾರಗಳಲ್ಲಿ ಬಹುಪಾಲು ಇಳಿಯುತ್ತದೆ. ಅದನ್ನು ಕಂಡು ಕೊನೆಗಾಲ ಬಂತೆಂದು ತೀರ್ಮಾನಿಸಬೇಡಿ, ಅದೇ ದಿನ ವೈದ್ಯರಿಗೆ ತೋರಿಸಿ. ಫಿಟ್ಸ್ ಬಂದರೂ ಹಾಗೆಯೇ.

ಖರ್ಚಿನ ಮೊದಲ ಪಾಲು ಈ ತಪಾಸಣೆಗೆ ಹೋಗಲಿ: ರಕ್ತ, ಮೂತ್ರ, ಥೈರಾಯ್ಡ್, ರಕ್ತದೊತ್ತಡ, ಕೀಲು ಮತ್ತು ಹಲ್ಲಿನ ಪರೀಕ್ಷೆ. ಹೋಗುವಾಗ ರಾತ್ರಿ ಅಲೆಯುವುದರ ವಿಡಿಯೊ ಕೊಂಡೊಯ್ಯಿರಿ. ಆಸ್ಪತ್ರೆಯ ಗಾಬರಿಯಲ್ಲಿ ನಾಯಿ ಬೇರೆಯೇ ಪ್ರಾಣಿಯಂತೆ ವರ್ತಿಸುತ್ತದೆ. ಒಂದು ವಾರ ಮೊದಲೇ ಪುಸ್ತಕವೊಂದರಲ್ಲಿ ಬರೆದಿಡಿ: ರಾತ್ರಿ ಎಷ್ಟು ಸಲ ಎದ್ದಿತು, ಎಷ್ಟು ನಿಮಿಷ ಅಲೆಯಿತು, ಒಳಗೆ ಎಷ್ಟು ಸಲ ಗಲೀಜಾಯಿತು, ಎಷ್ಟು ಸಲ ಸಂದಿಯಲ್ಲಿ ಸಿಕ್ಕಿಕೊಂಡಿತು. ಮುಂದೆ ಯಾವ ಚಿಕಿತ್ಸೆ ಫಲಿಸಿತೆಂದು ಅಳೆಯಲು ಇದೇ ಅಳತೆಗೋಲು.

ಅಳೆಯುವುದು ಯಾವುದರಿಂದ?

ಪ್ರತಿ ದಾರಿಯನ್ನೂ ಈ ಪ್ರಶ್ನೆಗಳಿಗೆ ಒಡ್ಡಿ. ಅದು ನಿಮ್ಮ ನಾಯಿಯ ಮುಖ್ಯ ಲಕ್ಷಣಕ್ಕೆ ತಾಕುತ್ತದೆಯೇ? ಫಲ ಕಾಣಲು ಎಷ್ಟು ವಾರ ಬೇಕು, ಅಷ್ಟು ದಿನ ನಿದ್ದೆಗೆಟ್ಟು ಕಾಯಲು ನಿಮ್ಮಿಂದಾಗುತ್ತದೆಯೇ? ನಾಯಿಗೆ ಈಗಾಗಲೇ ಇರುವ ಕಾಯಿಲೆ, ಕೊಡುತ್ತಿರುವ ಔಷಧಿಗೆ ಅದು ಹೊಂದುತ್ತದೆಯೇ? ಖರ್ಚು ಒಂದು ಸಲದ್ದೋ, ಬದುಕಿರುವಷ್ಟು ದಿನ ತಿಂಗಳು ತಿಂಗಳೂ ಬರುವಂಥದ್ದೋ? ದುಡ್ಡಿನ ಬದಲು ನಿಮ್ಮ ಹೊತ್ತನ್ನು ಕೇಳುತ್ತದೆಯೇ? ಎಡವಟ್ಟಾದರೆ ನಿಲ್ಲಿಸಿದ ಕೂಡಲೇ ಸರಿಹೋಗುತ್ತದೆಯೇ?

ಕೊನೆಯದು ಬಹಳ ಮುಖ್ಯ. ಯಾವ ದಾರಿಯೂ ಈ ಕಾಯಿಲೆಯನ್ನು ವಾಸಿಮಾಡುವುದಿಲ್ಲ. ಒಳ್ಳೆಯ ತಿಂಗಳುಗಳನ್ನು ಹೆಚ್ಚಿಸಬಹುದು, ಅಷ್ಟೇ. ಆದ್ದರಿಂದ ಆ ತಿಂಗಳುಗಳನ್ನೇ ಕೆಡಿಸುವ ಚಿಕಿತ್ಸೆ ನಷ್ಟದ ವ್ಯಾಪಾರ.

ಮನೆಯ ಏರ್ಪಾಟು ಮತ್ತು ದಿನಚರಿ

ದುಡ್ಡು ಕಡಿಮೆ, ಅಪಾಯ ಕಡಿಮೆ, ಫಲ ಮೊದಲ ದಿನದಿಂದಲೇ. ಉಳಿದ ಯಾವುದನ್ನೇ ಆರಿಸಿದರೂ ಇದು ಇರಲೇಬೇಕು. ಇದನ್ನು ಮಾಡದೆ ದುಬಾರಿ ಮಾತ್ರೆ ತಂದವರ ದುಡ್ಡು ಅರ್ಧ ನೀರುಪಾಲಾಗುತ್ತದೆ.

ನೆಲದಿಂದ ಶುರು ಮಾಡಿ. ನುಣುಪು ನೆಲದ ಮೇಲೆ ಹಿಂಗಾಲು ಜಾರುವ ನಾಯಿ ಹೆದರಿ ನಿಂತುಬಿಡುತ್ತದೆ. ಹಾಸಿಗೆಯಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಹೊರಬಾಗಿಲಿಗೆ ಮಧ್ಯೆ ಕಡಿಯದಂತೆ ರಬ್ಬರ್ ತಳದ ಮ್ಯಾಟ್ ಹಾಸಿ. ಅದು ಜಾರುವುದನ್ನು ತಪ್ಪಿಸುವುದರ ಜೊತೆಗೆ, ಕಾಲಡಿಯ ಸ್ಪರ್ಶದಿಂದಲೇ ದಾರಿಯನ್ನೂ ತೋರಿಸುತ್ತದೆ. ಸೋಫಾದ ಹಿಂದಿನ ಸಂದಿ, ಮೇಜಿನ ಕಾಲುಗಳ ನಡು, ಬಾಗಿಲ ಹಿಂಬದಿ, ಸಿಕ್ಕಿಕೊಳ್ಳುವ ಇಂಥ ಜಾಗಗಳನ್ನೆಲ್ಲ ದಿಂಬು ಅಥವಾ ಹಲಗೆಯಿಂದ ಮುಚ್ಚಿ. ಮೆಟ್ಟಿಲಿಗೆ ತಡೆಗೇಟು ಹಾಕಿ. ಪೀಠೋಪಕರಣದ ಜಾಗ ಬದಲಿಸಬೇಡಿ. ರಾತ್ರಿ ಸಣ್ಣ ದೀಪ ಉರಿಯಲಿ. ಸುತ್ತು ಹೊಡೆಯುವ ನಾಯಿಯನ್ನು ಬೋನಿನಲ್ಲಿ ಕೂಡಿಹಾಕಿದರೆ ಗಾಬರಿ ಹೆಚ್ಚಾಗಿ ಮೂಗು, ಉಗುರು ಗಾಯ ಮಾಡಿಕೊಳ್ಳುತ್ತದೆ. ಆವರಣ ಬೇಕೇಬೇಕಿದ್ದರೆ ಮೂಲೆಯಿಲ್ಲದಂತೆ ದುಂಡಗೆ ನಿಲ್ಲಿಸಿ.

ಮಲಮೂತ್ರಕ್ಕೆ ಹಳೆಯ ಅಭ್ಯಾಸ ನೆನಪಾಗುತ್ತದೆಂದು ಕಾಯಬೇಡಿ. ಎದ್ದ ಕೂಡಲೇ, ಉಂಡ 15–20 ನಿಮಿಷಕ್ಕೆ, ಮಲಗುವ ಮುನ್ನ, ನಡುವೆ ಮೂರು ನಾಲ್ಕು ಗಂಟೆಗೊಮ್ಮೆ ನೀವೇ ಕರೆದೊಯ್ಯಿರಿ. ಬಾಗಿಲಲ್ಲಿ ಬಿಟ್ಟು ಒಳಬಂದರೆ ನಾಯಿ ಯಾಕೆ ಬಂದೆನೆಂಬುದನ್ನೇ ಮರೆಯುತ್ತದೆ, ಕೆಲಸ ಮುಗಿಯುವತನಕ ಜೊತೆಗಿರಿ. ನೀರು ಕಡಿಮೆ ಮಾಡಿ ಉಚ್ಚೆ ನಿಲ್ಲಿಸುವ ಯೋಚನೆ ಬೇಡ, ಕಿಡ್ನಿಗೆ ಕೆಟ್ಟದ್ದು. ಡೈಪರ್ ಕಟ್ಟಿದರೆ ಒದ್ದೆಯಾದ ಕೂಡಲೇ ಬದಲಿಸಿ, ಚರ್ಮ ತೊಳೆದು ಒರೆಸಿ. ಗಂಟೆಗಟ್ಟಲೆ ಬಿಟ್ಟರೆ ತೊಡೆಸಂದು ಬೆಂದು ಹುಣ್ಣಾಗುತ್ತದೆ. ಗದರುವುದರಿಂದ ಏನೂ ಆಗದು. ನಾಯಿಗೆ ಉಳಿಯುವುದು ನಿಮ್ಮ ಬಗೆಗಿನ ಭಯ ಮಾತ್ರ.

ಮೆದುಳಿಗೆ ಕೆಲಸ ಕೊಡುವುದೂ ಇದರ ಭಾಗವೇ. ಮುದಿ ಬೀಗಲ್ ನಾಯಿಗಳ ಮೇಲೆ ವರ್ಷಗಟ್ಟಲೆ ನಡೆದ ಪ್ರಯೋಗಗಳಲ್ಲಿ ಆಂಟಿಆಕ್ಸಿಡೆಂಟ್ ಸೇರಿಸಿದ ಆಹಾರವೊಂದೇ ಅಥವಾ ಆಟ-ಕಲಿಕೆ-ಒಡನಾಟವೊಂದೇ ಕೊಟ್ಟದ್ದಕ್ಕಿಂತ ಎರಡನ್ನೂ ಸೇರಿಸಿ ಕೊಟ್ಟಾಗ ಫಲ ಹೆಚ್ಚಾಗಿತ್ತು. ಒಂದೇ ದೀರ್ಘ ನಡಿಗೆಗಿಂತ ದಿನಕ್ಕೆ ಮೂರು ಸಲ 10–15 ನಿಮಿಷ, ಮೂಸುತ್ತ ಮೂಸುತ್ತ ಹೋಗುವ ನಡಿಗೆ ಒಳ್ಳೆಯದು. ಮೂಗು ಕಣ್ಣುಕಿವಿಗಿಂತ ತಡವಾಗಿ ಸೋಲುತ್ತದೆ. ಟವೆಲಿನ ಮಡಿಕೆಯಲ್ಲಿ ತಿನಿಸು ಬಚ್ಚಿಟ್ಟು ಹುಡುಕಿಸಿ. ಆಟ ಕಷ್ಟವಾಗಿ ನಾಯಿ ಬಿಟ್ಟು ಹೋದರೆ ಸುಲಭ ಮಾಡಿ. ಬೆಳಗಿನ ಬಿಸಿಲಲ್ಲಿ ನಡೆಸುವುದು, ಹಗಲಿನ ನಿದ್ದೆಯನ್ನು ನಡುನಡುವೆ ಮುರಿಯುವುದು ರಾತ್ರಿಗೆ ನೆರವಾಗುತ್ತವೆ.

ಈ ದಾರಿಯ ಬೆಲೆ ಹೊತ್ತು. ಹಗಲಿಡೀ ಮನೆಯಲ್ಲಿ ಯಾರೂ ಇಲ್ಲದವರಿಗೆ ಇದು ಅರ್ಧದಷ್ಟೇ ಸಾಧ್ಯ. ಅವರು ಮಾತ್ರೆಗೆ ಇಡುವ ದುಡ್ಡಿನಲ್ಲಿ ಒಂದು ಪಾಲನ್ನು ಮಧ್ಯಾಹ್ನ ಬಂದು ಹೊರಗೆ ಕರೆದೊಯ್ಯುವ ಪರಿಚಿತರಿಗೆ ಕೊಡುವುದು ಲೇಸು. ಹೊಸ ಜಾಗದ ಬೋರ್ಡಿಂಗ್‌ಗಿಂತ ಮನೆಗೇ ಬರುವವರು ಈ ಸ್ಥಿತಿಯ ನಾಯಿಗೆ ಎಷ್ಟೋ ಮೇಲು.

ಆಹಾರ

ಮುಪ್ಪಿನಲ್ಲಿ ಮೆದುಳು ಗ್ಲೂಕೋಸನ್ನು ಮೊದಲಿನಷ್ಟು ಚೆನ್ನಾಗಿ ಬಳಸಿಕೊಳ್ಳುವುದಿಲ್ಲ. ಮಧ್ಯಮ ಸರಪಣಿಯ ಕೊಬ್ಬು, ಅಂದರೆ ಎಂಸಿಟಿ, ಯಕೃತ್ತಿನಲ್ಲಿ ಕೀಟೋನ್ ಆಗಿ ಮೆದುಳಿಗೆ ಇನ್ನೊಂದು ಇಂಧನ ಒದಗಿಸುತ್ತದೆ. 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಶೇ. 5.5 ಎಂಸಿಟಿ ಇದ್ದ ಆಹಾರವನ್ನು ಎಂಟು ತಿಂಗಳು ತಿಂದ ಮುದಿ ಬೀಗಲ್‌ಗಳು ಕಲಿಕೆಯ ಪರೀಕ್ಷೆಗಳಲ್ಲಿ ಮುಂದಿದ್ದವು. ಲಕ್ಷಣಗಳು ಈಗತಾನೇ ಕಾಣತೊಡಗಿರುವ, ಹೊಟ್ಟೆ ಗಟ್ಟಿಯಿರುವ ನಾಯಿಗೆ ಇದು ಒಳ್ಳೆಯ ಆಯ್ಕೆ. ಫಲ ನೋಡಲು ಒಂದರಿಂದ ಮೂರು ತಿಂಗಳು ಬೇಕು.

ಸಿದ್ಧ ಆಹಾರವೋ, ಈಗಿನ ಊಟಕ್ಕೆ ಎಂಸಿಟಿ ಎಣ್ಣೆಯೋ? ಸಿದ್ಧ ಆಹಾರದಲ್ಲಿ ಪ್ರಮಾಣ, ವಿಟಮಿನ್, ಕೊಬ್ಬಿನ ಲೆಕ್ಕ ಸರಿಯಾಗಿರುತ್ತದೆ. ಆದರೆ ದುಬಾರಿ, ದೊಡ್ಡ ನಾಯಿಗೆ ಇನ್ನೂ ದುಬಾರಿ. ಎಣ್ಣೆ ಅಗ್ಗ, ಆದರೆ ಲೆಕ್ಕ ನಿಮ್ಮದು: 5 ಮಿ.ಲೀ. ಎಣ್ಣೆಯಲ್ಲಿ ಸುಮಾರು 40 ಕಿಲೋಕ್ಯಾಲರಿ ಇದೆ, ಅಷ್ಟನ್ನು ಊಟದಿಂದ ಕಳೆಯಬೇಕು. ಕಳೆಯದಿದ್ದರೆ ತೂಕ ಏರಿ ಕೀಲಿಗೆ ಹೊರೆ. ಕಾಲು ಚಮಚದಿಂದ ಶುರುಮಾಡಿ ಎರಡು ಮೂರು ವಾರಗಳಲ್ಲಿ ವೈದ್ಯರು ಹೇಳಿದ ಪ್ರಮಾಣಕ್ಕೆ ಏರಿಸಿ. ಅವಸರ ಮಾಡಿದರೆ ಭೇದಿ ಖಂಡಿತ. ಕೊಬ್ಬರಿ ಎಣ್ಣೆ ಇದಕ್ಕೆ ಬದಲಿಯಲ್ಲ. ಅದರ ಅರ್ಧದಷ್ಟು ಲಾರಿಕ್ ಆಮ್ಲ, ಕೀಟೋನ್ ಚೆನ್ನಾಗಿ ಕೊಡುವ ಚಿಕ್ಕ ಸರಪಣಿಗಳ ಪಾಲು ಕಡಿಮೆ.

ಹಿಂದೆ ಮೇದೋಜೀರಕ ಗ್ರಂಥಿಯ ಉರಿಯೂತ ಬಂದಿದ್ದ ನಾಯಿಗೆ ಎಣ್ಣೆ ಬೇಡವೇ ಬೇಡ. ಕಿಡ್ನಿಗಾಗಿ ಪಥ್ಯದ ಆಹಾರದಲ್ಲಿರುವ ನಾಯಿಯನ್ನು ಮೆದುಳಿನ ಆಹಾರಕ್ಕೆ ಬದಲಿಸುವುದೂ ತಪ್ಪು; ಕಿಡ್ನಿಯ ಪಥ್ಯಕ್ಕೇ ಆದ್ಯತೆ.

ಪೂರಕಗಳು

ಇಲ್ಲಿ ಭರವಸೆ ದೊಡ್ಡದು, ಪುರಾವೆ ಚಿಕ್ಕದು. ಎಸ್-ಅಡಿನೊಸಿಲ್ ಮೆಥಿಯೊನಿನ್, ಫಾಸ್ಫಟೈಡಿಲ್‌ಸೆರಿನ್ ಇರುವ ಮಿಶ್ರಣಗಳು, ಮೀನೆಣ್ಣೆಯ ಡಿಎಚ್‌ಎ, ಇವಕ್ಕೆ ಸಣ್ಣ ಪ್ರಯೋಗಗಳ ಬೆಂಬಲವಿದೆ. ಮೊದಲನೆಯದನ್ನು ಕೆ.ಜಿ. ತೂಕಕ್ಕೆ ಸುಮಾರು 18–20 ಮಿ.ಗ್ರಾಂ ಲೆಕ್ಕದಲ್ಲಿ ದಿನಕ್ಕೊಮ್ಮೆ ಖಾಲಿ ಹೊಟ್ಟೆಗೆ, ಊಟಕ್ಕೆ ಒಂದು ಗಂಟೆ ಮುಂಚೆ ಕೊಡುತ್ತಾರೆ. ಜಠರದ ಆಮ್ಲದಿಂದ ಕಾಯುವ ಲೇಪವಿರುವ ಮಾತ್ರೆಯನ್ನು ಪುಡಿಮಾಡಿ ಊಟಕ್ಕೆ ಕಲಸಿದರೆ ಔಷಧಿ ಅಲ್ಲೇ ಹಾಳಾಗುತ್ತದೆ. ಬಹಳ ಜನ ಮಾಡುವ ತಪ್ಪು ಇದೇ.

ಮನುಷ್ಯರ ಪೂರಕ ಅಗ್ಗವೆಂದು ತರುವವರು ಚೀಟಿಯನ್ನು ಪೂರ್ತಿ ಓದಿ. ಸಿಹಿಗಾಗಿ ಹಾಕುವ ಕ್ಸೈಲಿಟಾಲ್ ನಾಯಿಗೆ ವಿಷ, ರಕ್ತದ ಸಕ್ಕರೆಯನ್ನು ದಿಢೀರನೆ ಇಳಿಸುತ್ತದೆ, ಯಕೃತ್ತನ್ನೂ ಕೆಡಿಸಬಲ್ಲದು. ಮನೆಯಲ್ಲಿ ಬೆಕ್ಕಿದ್ದರೆ ಆಲ್ಫಾ ಲಿಪೊಯಿಕ್ ಆಮ್ಲವಿರುವ ನಾಯಿಯ ಮಾತ್ರೆ ಅದಕ್ಕೆ ಸಿಗದಂತೆ ಇಡಿ. ದುಡ್ಡು ಬಿಗಿಯಿದ್ದರೆ ಮೊದಲು ಕೈಬಿಡಬೇಕಾದದ್ದು ಪೂರಕವನ್ನೇ.

ಡಾಕ್ಟರು ಬರೆಯುವ ಔಷಧಿ

ಸೆಲೆಜಿಲಿನ್‌ಗೆ ಈ ಕಾಯಿಲೆಗಾಗಿಯೇ ಅಮೆರಿಕದ ಔಷಧ ಇಲಾಖೆ 1998ರಲ್ಲಿ ಒಪ್ಪಿಗೆ ಕೊಟ್ಟಿತು. ಕೆ.ಜಿ.ಗೆ 0.5ರಿಂದ 1 ಮಿ.ಗ್ರಾಂ, ದಿನಕ್ಕೊಮ್ಮೆ, ಬೆಳಿಗ್ಗೆ. ಅಂದರೆ 20 ಕೆ.ಜಿ. ನಾಯಿಗೆ 10 ಮಿ.ಗ್ರಾಂನಿಂದ ಶುರು. ಸಂಜೆ ಕೊಟ್ಟರೆ ನಿದ್ದೆ ಇನ್ನಷ್ಟು ಕೆಡಬಹುದು. ಎರಡು ತಿಂಗಳಲ್ಲಿ ಫಲ ಕಾಣದಿದ್ದರೆ ಪ್ರಮಾಣ ಏರಿಸಿ ಇನ್ನೊಂದು ತಿಂಗಳು ನೋಡುತ್ತಾರೆ. ಆಗಲೂ ಬದಲಾಗದಿದ್ದರೆ ನಿಲ್ಲಿಸುತ್ತಾರೆ. ಕೆಲವು ನಾಯಿಗಳು ಗುರುತು ಸಿಗದಷ್ಟು ಚುರುಕಾಗುತ್ತವೆ, ಕೆಲವಕ್ಕೆ ಏನೂ ಆಗುವುದಿಲ್ಲ. ವಾಂತಿ, ಭೇದಿ, ಚಡಪಡಿಕೆ ಬರಬಹುದು.

ಇದರ ದೊಡ್ಡ ಅಡ್ಡಿ ಬೇರೆ ಔಷಧಿಗಳ ಜೊತೆ ಹೊಂದದಿರುವುದು. ಆತಂಕಕ್ಕೆ ಕೊಡುವ ಫ್ಲುಯೊಕ್ಸೆಟಿನ್, ಕ್ಲೊಮಿಪ್ರಮಿನ್, ನೋವಿಗೆ ಕೊಡುವ ಟ್ರಮಡಾಲ್, ಉಚ್ಚೆ ಸೋರುವುದಕ್ಕೆ ಕೊಡುವ ಫಿನೈಲ್‌ಪ್ರೊಪನೊಲಮಿನ್, ಉಣ್ಣಿ ಹುಳುಗಳಿಗೆ ಬಳಸುವ ಅಮಿಟ್ರಾಜ್, ಇವುಗಳ ಜೊತೆ ಕೂಡದು. ಅಮಿಟ್ರಾಜ್ ಇರುವುದು ಕೊರಳಪಟ್ಟಿಯಲ್ಲಿ ಅಥವಾ ಸ್ನಾನದ ದ್ರಾವಣದಲ್ಲಿ. ಅದನ್ನು ಔಷಧಿಯೆಂದು ಯಾರೂ ಡಾಕ್ಟರಿಗೆ ಹೇಳುವುದಿಲ್ಲ. ಹೇಳಿ. ಫ್ಲುಯೊಕ್ಸೆಟಿನ್ ನಿಲ್ಲಿಸಿದ ಮೇಲೂ ಐದು ವಾರ ಕಾಯಬೇಕು. ಕೀಲುನೋವು, ಆತಂಕ, ಸೋರಿಕೆ ಎಲ್ಲಕ್ಕೂ ಔಷಧಿ ನಡೆಯುತ್ತಿರುವ ನಾಯಿಗೆ ಸೆಲೆಜಿಲಿನ್ ಸೇರಿಸುವುದಕ್ಕಾಗಿ ನೋವಿನ ಔಷಧಿ ಬಿಡಿಸುವುದನ್ನು ನಾವು ಒಪ್ಪುವುದಿಲ್ಲ.

ಪ್ರೊಪೆಂಟೊಫಿಲಿನ್ ಕೆಲವು ದೇಶಗಳಲ್ಲಿ ಸಿಗುತ್ತದೆ. ಮಂಕಾಗಿ, ಸದಾ ಮಲಗಿರುವ ನಾಯಿಗೆ ಬರೆಯುತ್ತಾರೆ, ಕೆ.ಜಿ.ಗೆ ಸುಮಾರು 3 ಮಿ.ಗ್ರಾಂ, ದಿನಕ್ಕೆರಡು ಸಲ, ಊಟಕ್ಕೆ ಅರ್ಧ ಗಂಟೆ ಮುಂಚೆ. ಒಂದು ತಿಂಗಳಲ್ಲಿ ತೀರ್ಮಾನಿಸಬಹುದು.

ರಾತ್ರಿಯೇ ಸಮಸ್ಯೆಯಾದರೆ

ಮೇಲಿನವೆಲ್ಲ ವಾರಗಟ್ಟಲೆ ಹಿಡಿಯುತ್ತವೆ. ನಿದ್ದೆಯಿಲ್ಲದ ಮನೆ ಅಷ್ಟು ಕಾಯಲಾರದು. ನಿದ್ದೆಗೆಟ್ಟವರು ತಾಳ್ಮೆಗೆಡುತ್ತಾರೆ, ಆಮೇಲೆ ನಾಯಿಯನ್ನು ಇಟ್ಟುಕೊಳ್ಳುವುದೇ ಬೇಡವೆನ್ನುವಲ್ಲಿಗೆ ಬರುತ್ತಾರೆ. ಆದ್ದರಿಂದ ರಾತ್ರಿಗೆ ಪ್ರತ್ಯೇಕ ಔಷಧಿ ಕೇಳುವುದರಲ್ಲಿ ಸಂಕೋಚ ಬೇಡ.

ಮೆಲಟೋನಿನ್ ಸೌಮ್ಯ: ಗಾತ್ರಕ್ಕೆ ತಕ್ಕಂತೆ 1ರಿಂದ 6 ಮಿ.ಗ್ರಾಂ, ಮಲಗುವ ಅರ್ಧ ಗಂಟೆ ಮುಂಚೆ. ಅಗ್ಗ, ಆದರೆ ಜೋರಾಗಿ ಅಲೆಯುವ ನಾಯಿಗೆ ಸಾಲದು. ನೋವಿನ ಅನುಮಾನವಿದ್ದರೆ ಗ್ಯಾಬಪೆಂಟಿನ್ ಎರಡು ಕೆಲಸ ಮಾಡುತ್ತದೆ, ನರನೋವನ್ನೂ ತಗ್ಗಿಸುತ್ತದೆ, ಮಂಪರನ್ನೂ ತರುತ್ತದೆ. ಮೊದಲ ಕೆಲವು ದಿನ ನಡಿಗೆ ತೂರಾಡುತ್ತದೆ, ಮೆಟ್ಟಿಲು ಮುಚ್ಚಿಡಿ. ಕಿಡ್ನಿ ಸೋತಿದ್ದರೆ ಪ್ರಮಾಣ ಇಳಿಸಬೇಕು. ಮನುಷ್ಯರಿಗಾಗಿ ಬರುವ ದ್ರವರೂಪದಲ್ಲಿ ಕ್ಸೈಲಿಟಾಲ್ ಇರಬಹುದು, ಕ್ಯಾಪ್ಸೂಲನ್ನೇ ಕೇಳಿ. ಬಹಳ ದಿನ ಕೊಟ್ಟ ಮೇಲೆ ಒಮ್ಮೆಲೇ ನಿಲ್ಲಿಸಬಾರದು. ನೋವಿಲ್ಲದೆ ಆತಂಕವೇ ಮುಂದಿದ್ದರೆ ಟ್ರಾಜೊಡೋನ್. ಸೆಲೆಜಿಲಿನ್ ಜೊತೆ ಇದೂ ಕೂಡದು.

ಮಂಪರಿಗೆ ಕೊಡುವವುಗಳಲ್ಲಿ ಬೇಡವಾದವು ಎರಡಿವೆ. ಏಸ್‌ಪ್ರೊಮಜಿನ್ ಮೈಯನ್ನು ಅಲುಗದಂತೆ ಮಾಡುತ್ತದೆ, ಒಳಗಿನ ಭಯ ಹಾಗೆಯೇ ಇರುತ್ತದೆ. ಮಂಪರು ತರುವ ಹಳೆಯ ಅಲರ್ಜಿ ಮಾತ್ರೆಗಳು ಮುದಿ ಮೆದುಳಿನ ಗೊಂದಲವನ್ನು ಹೆಚ್ಚಿಸಬಲ್ಲವು.

ಹಾಗಾದರೆ ಯಾರಿಗೆ ಯಾವುದು?

ರಾತ್ರಿಯ ಅಲೆದಾಟದ ಜೊತೆ ಏಳುವಾಗ ಬಿಗಿತವಿದ್ದರೆ ಮೊದಲು ನೋವಿನ ಚಿಕಿತ್ಸೆ. ರಕ್ತಪರೀಕ್ಷೆ ಸರಿಯಿದ್ದರೆ ವೈದ್ಯರು ಎರಡು ಮೂರು ವಾರ ಉರಿಯೂತದ ಔಷಧಿ ಕೊಟ್ಟು ನೋಡುತ್ತಾರೆ. ಮನೆಯಲ್ಲಿರುವ ಐಬುಪ್ರೊಫೆನ್ ಎಂದಿಗೂ ಕೊಡಬೇಡಿ, ಅದು ನಾಯಿಯ ಹೊಟ್ಟೆ, ಕಿಡ್ನಿ ಎರಡನ್ನೂ ಕೆಡಿಸುತ್ತದೆ. ನಿದ್ದೆ ಮರಳಿದರೆ ಅರ್ಧ ಸಮಸ್ಯೆ ಮರೆವಿನದ್ದಾಗಿರಲೇ ಇಲ್ಲ ಎಂದಾಯಿತು.

ದುಡ್ಡು ಕಡಿಮೆ, ಹೊತ್ತು ಇದೆ ಎನ್ನುವವರಿಗೆ ತಪಾಸಣೆ, ಮನೆಯ ಏರ್ಪಾಟು, ಬೇಕಿದ್ದರೆ ಮೆಲಟೋನಿನ್. ದುಡ್ಡಿದೆ, ಹೊತ್ತಿಲ್ಲ ಎನ್ನುವವರಿಗೆ ಹಗಲಿನ ಸಹಾಯಕರು ಮತ್ತು ಸಿದ್ಧ ಆಹಾರ. ಬೇರೆ ಔಷಧಿಯಿಲ್ಲದ, ದಿಕ್ಕುತಪ್ಪುವುದೇ ಮುಖ್ಯವಾದ ನಾಯಿಗೆ ಸೆಲೆಜಿಲಿನ್ ಪ್ರಯತ್ನಿಸಲು ಯೋಗ್ಯ. ಆತಂಕದ ಔಷಧಿಯಲ್ಲಿ ಈಗಾಗಲೇ ಇರುವ ನಾಯಿಗೆ ಆಹಾರದ ದಾರಿ ಸುರಕ್ಷಿತ. ಯಾವುದಾದರೂ ಸರಿ, ಒಂದು ಸಲಕ್ಕೆ ಒಂದೇ ಬದಲಾವಣೆ, ಪುಸ್ತಕದ ಲೆಕ್ಕ ನೋಡಿ ಮುಂದಿನದು.

ಸಾಕು ಎನ್ನುವ ಹೊತ್ತು

ಇದೂ ಒಂದು ಆಯ್ಕೆಯೇ, ಮುಚ್ಚಿಡುವಂಥದ್ದಲ್ಲ. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಲೋಬೋಸ್ ರೂಪಿಸಿದ ಅಳತೆಯಲ್ಲಿ ಏಳು ವಿಷಯಗಳಿವೆ: ನೋವು, ಹಸಿವು, ನೀರಿನಂಶ, ಶುಚಿ, ಸಂತೋಷ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನ ಹೆಚ್ಚಿವೆಯೇ ಎಂಬುದು. ಒಂದೊಂದಕ್ಕೂ 0ರಿಂದ 10 ಅಂಕ, 10 ಎಂದರೆ ಅತಿ ಚೆನ್ನ (ನೋವಿಗೆ 10 ಎಂದರೆ ನೋವು ಹತೋಟಿಯಲ್ಲಿದೆ ಎಂದು). ಒಟ್ಟು 35ಕ್ಕಿಂತ ಮೇಲಿದ್ದರೆ ಆರೈಕೆ ಮುಂದುವರಿಸಬಹುದು ಎಂದು ಅದರ ಲೆಕ್ಕ. ಅರಳುಮರಳಿನ ನಾಯಿ ಕೊನೆಯವರೆಗೂ ಊಟ ಮಾಡಬಹುದು, ಆದ್ದರಿಂದ ಊಟವೊಂದನ್ನೇ ನೋಡಿ ಚೆನ್ನಾಗಿದೆ ಎನ್ನಬೇಡಿ. ಎಚ್ಚರವಿರುವ ಹೊತ್ತಿನ ಬಹುಪಾಲು ಗಾಬರಿಯಲ್ಲೇ ಕಳೆಯುತ್ತಿದೆಯೇ, ನಿಮ್ಮ ಕೈ ತಾಕಿದಾಗ ಸಮಾಧಾನವಾಗುತ್ತದೆಯೇ, ಇವನ್ನು ನೋಡಿ. ವಾರಕ್ಕೊಮ್ಮೆ ಒಂದೇ ದಿನ, ಮನೆಯ ಇಬ್ಬರು ಬೇರೆಬೇರೆಯಾಗಿ ಅಂಕ ಹಾಕಿ ಆಮೇಲೆ ಹೋಲಿಸಿ. ತಾನಾಗಿ ಹೋಗಲಿ ಎಂದು ಕಾಯುವುದು ಯಾವಾಗಲೂ ಶಾಂತವಾದ ದಾರಿಯಲ್ಲ. ಈ ಕಾಯಿಲೆ ತಾನಾಗಿ ಬೇಗ ಕೊಲ್ಲುವುದಿಲ್ಲ, ಬೀಳುವುದು, ಹುಣ್ಣಾಗುವುದು, ಹೆದರುವುದು ಮುಂದುವರಿಯುತ್ತವೆ.

ದಯಾಮರಣಕ್ಕೆ ಒಪ್ಪಿದರೆ, ಮನೆಗೆ ಬರುವ ವೈದ್ಯರು ಸಿಗುತ್ತಾರೆಯೇ ಎಂದು ಮೊದಲೇ ವಿಚಾರಿಸಿಡಿ. ದಿಕ್ಕುತಪ್ಪಿದ ನಾಯಿಗೆ ವಾಹನ, ಹೊಸ ವಾಸನೆ, ಲೋಹದ ಮೇಜು ದೊಡ್ಡ ಹೆದರಿಕೆ. ಆಸ್ಪತ್ರೆಗೇ ಹೋಗುವುದಾದರೆ ದಿನದ ಕೊನೆಯ ಹೊತ್ತು ಕೇಳಿಕೊಳ್ಳಿ, ಅದರದೇ ಹಾಸಿಗೆ ಕೊಂಡೊಯ್ಯಿರಿ, ಮೊದಲು ಮಂಪರಿನ ಚುಚ್ಚುಮದ್ದು ಕೊಡುವಂತೆ ಹೇಳಿ. ಅದು ನಾಟಲು ಐದರಿಂದ ಹದಿನೈದು ನಿಮಿಷ ಬೇಕಾಗುತ್ತದೆ. ಅಷ್ಟು ಹೊತ್ತೂ ನಾಯಿಯ ಮೂಗಿನ ಹತ್ತಿರ ನಿಮ್ಮ ಕೈ ಇರಲಿ. ಕಣ್ಣು, ಕಿವಿ ಸೋತಿದ್ದರೂ ವಾಸನೆಯಿಂದ ನಿಮ್ಮನ್ನು ಗುರುತಿಸಬಲ್ಲದು.